ಜಮೈಕಾ ಚಿಕ್ಕಪ್ಪನ ನಿವೃತ್ತಿ

ನಮ್ಮ ಚಿಕ್ಕಪ್ಪನಷ್ಟು ನಿಧಾನವಾಗಿ ಪ್ರಸಿದ್ಧರಾಗುತ್ತಿರುವ ಕಲಾವಿದರು ಪ್ರಪಂಚದಲ್ಲಿ ಇನ್ನೊಬ್ಬರಿಲ್ಲ. ನಲವತ್ತು ವರ್ಷದಿಂದ ಆಗುತ್ತಲೇ ಇದ್ದಾರೆ, ಇನ್ನೂ ಆಗಿ ಮುಗಿದಿಲ್ಲ! ಡೆಟ್ರಾಯ್ಟ್‌ನಲ್ಲಿ ಒಂದು ನೂರು ಜನ, ಶಿಕಾಗೋದಲ್ಲಿ ಒಂದು ಎಂಬತ್ತು ಜನ, ನಡುವೆ ಕಲಮಜೂ ಎಂಬ ಊರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ್. ಇಷ್ಟು ಜನ ಅವರ ಹೆಸರು ಕೇಳಿದರೆ ಎದ್ದು ನಿಲ್ಲುತ್ತಾರೆ. ಹಲ್ಲಿನ ಡಾಕ್ಟರ್ ಹೇಗೂ ನಿಂತೇ ಕೆಲಸ ಮಾಡುವವನು, ಅವನನ್ನು ಸೇರಿಸಬೇಡ ಎನ್ನುತ್ತಾಳೆ ಚಿಕ್ಕಮ್ಮ.

ಅವರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ತಕ್ಷಣ ಫೋನ್ ತೆಗೆದು ಹುಡುಕುತ್ತೀರಿ, ಏನೂ ಸಿಗುವುದಿಲ್ಲ, ಆಮೇಲೆ ನನ್ನನ್ನು ಸುಳ್ಳುಬುರುಕಿ ಎನ್ನುತ್ತೀರಿ.

ಚಿಕ್ಕಪ್ಪ ಎಂದರೆ ನಮ್ಮಮ್ಮನ ತಂಗಿಯ ಗಂಡ. ಹುಟ್ಟಿದ್ದು ಜಮೈಕಾದಲ್ಲಿ. ಮಾಡುವುದು ತಾಳಕ್ಕೆ ಕವಿತೆ ಹೇಳುವ ಕೆಲಸ. ಹಾಡುವುದಲ್ಲ, ಪುಸ್ತಕ ಹಿಡಿದು ಓದುವುದೂ ಅಲ್ಲ. ಹಿಂದೆ ಡ್ರಮ್ಮು, ಬೇಸ್ ಗಿಟಾರು ನುಡಿಯುತ್ತಿರುತ್ತವೆ. ಅದರ ಮೇಲೆ ಇವರು ಮಾತುಗಳನ್ನು ಒಂದೊಂದಾಗಿ ಇಡುತ್ತಾ ಹೋಗುತ್ತಾರೆ. ಕೆರಿಬಿಯನ್ ದ್ವೀಪಗಳಲ್ಲಿ ಇದಕ್ಕೆ ದೊಡ್ಡ ಪರಂಪರೆ ಇದೆಯಂತೆ. ಮಿಶಿಗನ್ನಿನ ಟ್ರಾಯ್‌ನಲ್ಲಿ ಇಲ್ಲ. ಟ್ರಾಯ್‌ನಲ್ಲಿರುವುದು ಕಾರಿನ ಬಿಡಿಭಾಗ ತಯಾರಿಸುವ ಕಂಪನಿಗಳ ಆಫೀಸುಗಳು. ಅಂಥದ್ದೊಂದಕ್ಕೆ ನಾನು ಹತ್ತೊಂಬತ್ತು ವರ್ಷದ ಹಿಂದೆ ಬಂದು ಸೇರಿದಾಗ ಮೊದಲ ಆರು ತಿಂಗಳು ಇದ್ದದ್ದು ಚಿಕ್ಕಮ್ಮನ ಬೇಸ್‌ಮೆಂಟಿನಲ್ಲಿ. ಅಲ್ಲಿ ನನ್ನ ಜೊತೆ ಹನ್ನೊಂದು ಡ್ರಮ್ಮುಗಳೂ ವಾಸವಾಗಿದ್ದವು.

ಚಿಕ್ಕಮ್ಮ ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಅರಿವಳಿಕೆ ಕೊಡುವುದನ್ನು ಕಲಿಯಲು ಡೆಟ್ರಾಯ್ಟ್‌ನ ಒಂದು ಆಸ್ಪತ್ರೆಗೆ ಬಂದವಳು. ಅದೇ ಆಸ್ಪತ್ರೆಯಲ್ಲಿ ಚಿಕ್ಕಪ್ಪ ಸ್ಟ್ರೆಚರ್ ತಳ್ಳುತ್ತಿದ್ದರು. ವಾರವಿಡೀ ಸ್ಟ್ರೆಚರ್, ಶನಿವಾರ ಭಾನುವಾರ ಕವಿತೆ. ಒಂದು ಸ್ಟ್ರೆಚರಿನ ಚಕ್ರ ಸುತ್ತಿಗೊಮ್ಮೆ ಕಿರ್ ಎನ್ನುತ್ತಿತ್ತಂತೆ. ಉಳಿದವರೆಲ್ಲ ಅದನ್ನು ಬಿಟ್ಟು ಬೇರೆಯದನ್ನು ಎಳೆದುಕೊಂಡರೆ ಇವರು ಹುಡುಕಿ ಹುಡುಕಿ ಅದನ್ನೇ ತೆಗೆದುಕೊಂಡು, ಆ ಕಿರ್ ಶಬ್ದಕ್ಕೆ ಸರಿಯಾಗಿ ಕವಿತೆ ಹೇಳುತ್ತಾ ಕಾರಿಡಾರಿನಲ್ಲಿ ಬರುತ್ತಿದ್ದರು. ಆಪರೇಷನ್ ಥಿಯೇಟರಿನ ಬಾಗಿಲು ಮುಟ್ಟುವ ಹೊತ್ತಿಗೆ ರೋಗಿಗೆ ಗಾಢ ನಿದ್ದೆ! ಚಿಕ್ಕಮ್ಮ ಸಿರಿಂಜ್ ಹಿಡಿದುಕೊಂಡೇ ಹೊರಗೆ ಬಂದು, "ನಾನು ಕೊಡೋಕ್ ಮುಂಚೆ ನನ್ನ ಪೇಷೆಂಟ್‌ಗೆ ಮದ್ದು ಕೊಟ್ಟೋರು ಯಾರು?" ಎಂದು ಜಗಳ ತೆಗೆದಳಂತೆ. ಆ ಜಗಳ ಅವತ್ತು ಮುಗಿಯಲಿಲ್ಲ. ಮದುವೆಯಾಗಿ ಮುಂದುವರಿಸಿದರು.

ಇಲ್ಲಿಯ ನಮ್ಮವರ ಮನೆಗಳಿಗೆ ಊಟಕ್ಕೆ ಹೋದರೆ ಮೊದಲ ಪ್ರಶ್ನೆ "ನಿಮ್ಮೆಜಮಾನ್ರು ಏನ್ ಮಾಡ್ತಾರೆ?" ತಾನೆ? ಚಿಕ್ಕಮ್ಮ ಮೊದಮೊದಲು ನಿಜವನ್ನೇ ಹೇಳಿದಳು.

"ಕವಿ."

"ಅದ್ಸರಿ, ಕೆಲಸ?"

ಹೀಗೆ ನಾಲ್ಕೈದು ಮನೆಗಳಾದ ಮೇಲೆ ಅವಳಿಗೂ ಸಾಕಾಯಿತು. "ಸೌಂಡ್ ಎಂಜಿನಿಯರ್" ಎಂದುಬಿಟ್ಟಳು. ಎಲ್ಲರ ಮುಖವೂ ಅರಳಿತು! ಒಬ್ಬ ಆಂಟಿಯಂತೂ ಮಾರನೇ ವಾರವೇ ತಮ್ಮನ ರೆಸ್ಯೂಮೆ ತಂದುಕೊಟ್ಟು, ಇವರ ಕಂಪನಿಯಲ್ಲಿ ಓಪನಿಂಗ್ ಇದ್ದರೆ ಅಪ್ಲೈ ಮಾಡಿಸಿ ಎಂದರು. ಚಿಕ್ಕಪ್ಪ ಅದನ್ನು ಭಕ್ತಿಯಿಂದ ಬೇಸ್‌ಮೆಂಟಿಗೆ ಒಯ್ದರು. ಡ್ರಮ್ಮಿನ ಮುಂದೆ ಕೂತು ಮೊದಲಿಂದ ಕೊನೆಯವರೆಗೆ ಎರಡು ಸಲ ತಾಳಕ್ಕೆ ಹೇಳಿ ನೋಡಿದರು. ಆಮೇಲೆ ಮೇಲೆ ಬಂದು, "ಎರಡನೇ ಪುಟ ಸ್ವಲ್ಪ ಸಡಿಲ. ಉಳಿದದ್ದು ಚೆನ್ನಾಗಿದೆ, ಬರೀತಾ ಇರು ಅಂತ ಹೇಳು" ಎಂದರು.

ಅವರು ಮಾತನಾಡುವುದು ಇಂಗ್ಲಿಷಿನಲ್ಲಿ, ಅದೂ ಅವರ ದ್ವೀಪದ ರಾಗದಲ್ಲಿ. ನಿಮ್ಮ ಅನುಕೂಲಕ್ಕೆ ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ. ಹಾಗಂತ ಅವರಿಗೆ ಕನ್ನಡ ಬರುವುದಿಲ್ಲ ಎಂದುಕೊಳ್ಳಬೇಡಿ. ಕೇಳಿದ್ದೆಲ್ಲ ಅರ್ಥವಾಗುತ್ತದೆ. ಆಡುವುದು ಮಾತ್ರ ಚಿಕ್ಕಮ್ಮ ತಮ್ಮ ಮೇಲೆ ಹೊರಡಿಸಿದ ಆಜ್ಞೆಗಳಿಂದ ಕಲಿತ ಕನ್ನಡ. ಬಾ, ಕೂತ್ಕೋ, ತಿನ್ನು, ಕೈ ತೊಳ್ಕೋ, ಬಾಯ್ಮುಚ್ಚು. ಒಮ್ಮೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪುರೋಹಿತರು ಬಂದು ಬಾಗಿಲಲ್ಲಿ ನಿಂತಿದ್ದಾರೆ. ಚಿಕ್ಕಪ್ಪ ಎರಡೂ ಕೈ ಮುಗಿದು, ಸೊಂಟ ಬಗ್ಗಿಸಿ, ಪರಮ ವಿನಯದಿಂದ, "ಬಾರೋ. ಕಾಲು ತೊಳ್ಕೋ. ಬೇಗ!" ಎಂದರು. ಪುರೋಹಿತರು ಪಾಪ, ಗಡಿಬಿಡಿಯಿಂದ ಕಾಲು ತೊಳೆದುಕೊಂಡು ಒಳಗೆ ಬಂದರು. ಪೂಜೆ ಅವತ್ತು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಇನ್ನು ಕ್ರಿಕೆಟ್ಟಿನ ಕತೆ. ವೆಸ್ಟ್ ಇಂಡೀಸ್‌ನಿಂದ ಬಂದವರು ಎಂದ ಮೇಲೆ ನಮ್ಮ ಅಂಕಲ್‌ಗಳಿಗೆ ಇನ್ನೇನು ತಾನೇ ಹೊಳೆದೀತು? ಆರಡಿ ಮೂರಂಗುಲ ಎತ್ತರ ಬೇರೆ. ಬೇಸಿಗೆಯಲ್ಲಿ ನಡೆಯುವ ನಮ್ಮ ಸಂಘದ ಪಂದ್ಯಾವಳಿಗೆ ಮುಖ್ಯ ಅತಿಥಿಯಾಗಿ ಕರೆದು, ಮೊದಲ ಚೆಂಡು ನೀವೇ ಹಾಕಬೇಕು ಎಂದರು. ಚಿಕ್ಕಪ್ಪ ಪ್ರಾಮಾಣಿಕವಾಗಿ, ನಾನು ಜನ್ಮದಲ್ಲಿ ಕ್ರಿಕೆಟ್ ಆಡಿದವನಲ್ಲ, ನೋಡಿದವನೂ ಅಲ್ಲ ಎಂದರು. ಸಂಘದ ಅಧ್ಯಕ್ಷರು ಧಾರವಾಡದ ಕಡೆಯವರು. ಉಳಿದವರ ಕಡೆ ತಿರುಗಿ, "ಏನ್ ವಿನಯರೀ ಇವರದು! ದೊಡ್ಡ ಆಟಗಾರರು ಹಿಂಗ ಇರ್ತಾರ ನೋಡ್ರಿ" ಎಂದರು.

ಸರಿ, ಕೈಗೆ ಚೆಂಡು ಕೊಟ್ಟರು. ಚಿಕ್ಕಪ್ಪ ಬೌಂಡರಿಯಿಂದಲೇ ಓಡಲು ಶುರುಮಾಡಿದರು. ಒಣಹುಲ್ಲಿನ ಮೇಲೆ ತಮ್ಮದೇ ಹೆಜ್ಜೆಯ ಸದ್ದು ಅವರಿಗೆ ಹಿಡಿಸಿಬಿಟ್ಟಿತಂತೆ. ವಿಕೆಟ್ಟಿನ ಹತ್ತಿರ ಬಂದರೂ ನಿಲ್ಲಲಿಲ್ಲ. ಅಂಪೈರನ್ನು ದಾಟಿದರು, ಪಿಚ್ಚಿನ ಉದ್ದಕ್ಕೂ ಓಡಿ ಬ್ಯಾಟ್ ಹಿಡಿದು ನಿಂತಿದ್ದವನನ್ನೂ ದಾಟಿ, ಚೆಂಡನ್ನು ವಿಕೆಟ್ ಕೀಪರನ ಕೈಯಲ್ಲಿ ಜೋಪಾನವಾಗಿ ಇಟ್ಟು ಕೈ ಕುಲುಕಿದರು. ಮೈದಾನವೆಲ್ಲ ಗಪ್‌ಚಿಪ್. ಅಧ್ಯಕ್ಷರೊಬ್ಬರೇ ಚಪ್ಪಾಳೆ ತಟ್ಟುತ್ತಾ ಎದ್ದು, "ಆ ರನ್‌ಅಪ್ ನೋಡ್ರಿ, ರನ್‌ಅಪ್! ರಕ್ತದಾಗ ಬಂದದ್ದು!" ಎಂದರು.

ಚಿಕ್ಕಪ್ಪ ಕಾರು ಓಡಿಸುವುದಿಲ್ಲ. ಸ್ಟೀರಿಂಗ್ ಹಿಡಿದರೆ ತಾಳಕ್ಕೆ ಕೈ ಉಳಿಯುವುದಿಲ್ಲ ಎಂಬುದು ಅವರ ವಾದ. ಹಾಗಾಗಿ ಶಿಕಾಗೋದಲ್ಲಿ ಕಾರ್ಯಕ್ರಮವಿದ್ದಾಗಲೆಲ್ಲ ಅವರ ಸಾರಥಿ ನಾನೇ. ಅವರ ಪೂರ್ವಾಭ್ಯಾಸ ನಡೆಯುವುದೂ ಕಾರಿನಲ್ಲೇ. ನಮ್ಮ ಹೆದ್ದಾರಿಯ ಕಾಂಕ್ರೀಟಿನಲ್ಲಿ ಅಷ್ಟಷ್ಟು ದೂರಕ್ಕೆ ಒಂದೊಂದು ಸಂದು ಇರುತ್ತದಲ್ಲ, ಅದರ ಮೇಲೆ ಚಕ್ರ ಹಾದಾಗ ದಡಕ್ ಎನ್ನುತ್ತದೆ. ಆ ದಡಕ್ಕಿಗೆ ಅವರು ಕವಿತೆ ಹೇಳುವುದು. ಒಂದೊಂದು ಕವಿತೆಗೂ ಒಂದೊಂದು ವೇಗ! ಮೀನುಗಾರರ ಕವಿತೆಗೆ ಅರವತ್ತೆರಡು ಮೈಲಿ, ಸಿಟ್ಟಿನ ಕವಿತೆಗೆ ಎಪ್ಪತ್ತು. "ಸ್ವಲ್ಪ ಕಮ್ಮಿ ಮಾಡು, ಉಸಿರು ಸಾಲ್ತಿಲ್ಲ" ಎನ್ನುತ್ತಾರೆ. ಕಮ್ಮಿ ಮಾಡಿದರೆ, "ಈಗ ಮೀನು ಸತ್ತೇ ಹೋಯ್ತು" ಎನ್ನುತ್ತಾರೆ.

ಒಮ್ಮೆ ಅವರ ಅಜ್ಜಿ ತೀರಿಕೊಂಡಾಗ ಬರೆದ ಕವಿತೆ ಹೇಳಬೇಕಿತ್ತು. ಅದಕ್ಕೆ ನಲವತ್ತಮೂರು ಮೈಲಿ. ಹೆದ್ದಾರಿಯಲ್ಲಿ ನಲವತ್ತಮೂರಕ್ಕೆ ಹೋದರೆ ಪೊಲೀಸರು ಬಿಡುತ್ತಾರೆಯೇ? ಒಬ್ಬ ದೀಪ ಮಿಣುಕಿಸುತ್ತಾ ಹಿಂದೆಯೇ ಬಂದು ನಿಲ್ಲಿಸಿದ. ಯಾಕಮ್ಮಾ ಇಷ್ಟು ನಿಧಾನ ಎಂದ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, "ಸಾವಿನ ವಿಷಯ ಆಫೀಸರ್, ಎಪ್ಪತ್ತರಲ್ಲಿ ಆಗಲ್ಲ" ಎಂದು ಗಂಭೀರವಾಗಿ ಹೇಳಿದರು. ಅವನು ಟೋಪಿ ತೆಗೆದ. ಹೆಣದ ಗಾಡಿ ಎಲ್ಲಿ ಎಂದು ಕೇಳಿದ. "ಮುಂದೆ ಹೋಯ್ತು" ಎಂದು ನನ್ನ ಬಾಯಿಂದ ಹೇಗೆ ಬಂತೋ ದೇವರಿಗೇ ಗೊತ್ತು! ಪುಣ್ಯಾತ್ಮ, ದೀಪ ಹಾಕಿಕೊಂಡು ಎರಡು ಎಕ್ಸಿಟ್‌ವರೆಗೆ ನಮ್ಮ ಮುಂದೆ ಹೋಗಿ ದಾರಿ ಮಾಡಿಕೊಟ್ಟ. ಚಿಕ್ಕಪ್ಪ ಕವಿತೆಯನ್ನು ಪೂರ್ತಿ ಹೇಳಿ ಮುಗಿಸಿದರು.

ಇಷ್ಟೆಲ್ಲ ಇದ್ದೂ ಅವರದೊಂದು ರೆಕಾರ್ಡ್ ಇಲ್ಲ. ಯಾಕೆ ಎಂದರೆ ಕೇಳಿದಷ್ಟು ಸಲ ಬೇರೆ ಬೇರೆ ಉತ್ತರ. ಕಂಪನಿಯವನು ಫೋಟೋಕ್ಕೆ ನಗು ಎಂದ, ನಾನು ನಗಲಿಲ್ಲ ಎನ್ನುತ್ತಾರೆ ಒಮ್ಮೆ. ಮೂರು ನಿಮಿಷದಲ್ಲಿ ಕವಿತೆ ಮುಗಿಸು ಎಂದ, ನನಗೆ ಗಂಟಲು ಸರಿಮಾಡಿಕೊಳ್ಳುವುದಕ್ಕೇ ಮೂರು ನಿಮಿಷ ಬೇಕು ಎನ್ನುತ್ತಾರೆ ಇನ್ನೊಮ್ಮೆ. ನಾವೆಲ್ಲ ನಗುತ್ತೇವೆ. ಆ ಮಾತು ಬಂದಾಗ ಚಿಕ್ಕಮ್ಮ ಮಾತ್ರ ಎದ್ದು ಒಳಗೆ ಹೋಗುತ್ತಾಳೆ ಎಂಬುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಹೋದ ವರ್ಷ ನಮ್ಮ ಫ್ಯಾಮಿಲಿ ವಾಟ್ಸಪ್ ಗ್ರೂಪಿನಲ್ಲಿ ಚಿಕ್ಕಪ್ಪನ ಮೆಸೇಜ್ ಬಂತು. ಮಂಡಿ ಮಾತು ಕೇಳುತ್ತಿಲ್ಲ, ಇನ್ನೊಂದು ಕಾರ್ಯಕ್ರಮ ಮಾಡಿ ನಿಲ್ಲಿಸುತ್ತೇನೆ ಎಂದು. ಜಾಗ ಶಿಕಾಗೋದ ದಕ್ಷಿಣಕ್ಕಿರುವ ಒಂದು ಹಳೆಯ ಚರ್ಚಿನ ಹಾಲು. ಆ ನಗರದಲ್ಲಿ ಅವರು ಮೊಟ್ಟಮೊದಲು ಕವಿತೆ ಹೇಳಿದ ಜಾಗ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ.

ಮಾರನೇ ದಿನ ನನಗೊಬ್ಬಳಿಗೇ ಫೋನ್ ಮಾಡಿದರು. ಅವರ ದನಿಯಲ್ಲಿ ಅವತ್ತು ತಮಾಷೆ ಇರಲಿಲ್ಲ. "ನಿಮ್ಮ ಚಿಕ್ಕಮ್ಮ ಬರ್ತಾಳಾ ಕೇಳು. ನಾನು ಕೇಳಿದ್ರೆ ಮಾತು ಮರೆಸ್ತಾಳೆ. ಅವಳು ಬಂದ್ರೆ ಸಾಕು, ಬೇರೆ ಯಾರು ಬರ್ದಿದ್ರೂ ಪರವಾಗಿಲ್ಲ" ಎಂದರು.

ಆಗ ನನಗೆ ಹೊಳೆಯಿತು. ಹತ್ತೊಂಬತ್ತು ವರ್ಷದಲ್ಲಿ ಚಿಕ್ಕಮ್ಮ ಇವರ ಒಂದು ಕಾರ್ಯಕ್ರಮಕ್ಕೂ ಬಂದದ್ದನ್ನು ನಾನು ಕಂಡಿಲ್ಲ! ಕೆಲಸದಲ್ಲಿದ್ದಾಗ ಯಾವಾಗಲೂ ಆಸ್ಪತ್ರೆಯ ಕಾಲ್ ಡ್ಯೂಟಿ ಇರುತ್ತಿತ್ತು. ಸರಿ. ಆದರೆ ನಿವೃತ್ತಳಾಗಿ ಮೂರು ವರ್ಷವಾಯಿತಲ್ಲ? ಮನೆಗೆ ಹೋಗಿ ಕೇಳಿದೆ. ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು.

"ಶಿಕಾಗೋಗೆ ಹೋಗಿ ಬರೋಷ್ಟರಲ್ಲಿ ಮೊಸರು ಹುಳಿ ಬಂದುಬಿಡುತ್ತೆ ಕಣೇ."

"ಚಿಕ್ಕಮ್ಮ, ಮನೇಲಿ ಫ್ರಿಜ್ ಇದೆ."

ಇನ್ನೆರಡು ಹುರುಳಿಕಾಯಿ ಬಿಡಿಸಿ ಅವಳೇ ಶುರುಮಾಡಿದಳು. "ಒಂದೇ ಒಂದ್ಸಲ ಹೋಗಿದ್ದೆ. ಮದುವೆಯಾದ ಹೊಸದು. ಅದೇ ಹಾಲು. ರೇಷ್ಮೆ ಸೀರೆ ಉಟ್ಕೊಂಡು, ಕೈ ತುಂಬ ಬಳೆ ಹಾಕ್ಕೊಂಡು ಮುಂದಿನ ಸಾಲಲ್ಲಿ ಕೂತೆ. ಕಛೇರಿಗೆ ಹೋದ್ರೆ ನಾವು ಹಾಗೇ ತಾನೆ ಕೂರೋದು?"

ಚಿಕ್ಕಮ್ಮ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು. ಮೈಸೂರಿನ ಕಛೇರಿಗಳಲ್ಲಿ ಮುಂದಿನ ಸಾಲಿನವರು ತೊಡೆ ತಟ್ಟಿ ತಾಳ ಹಾಕದಿದ್ದರೆ ಹಾಡುವವರಿಗೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ನಮ್ಮ ತಾಳದಲ್ಲಿ ಜೋರಾಗಿ ಬೀಳಬೇಕಾದದ್ದು ಮೊದಲನೇ ಪೆಟ್ಟು. ಚಿಕ್ಕಪ್ಪನ ಸಂಗೀತದಲ್ಲೋ, ಆ ಮೊದಲನೇ ಪೆಟ್ಟನ್ನೇ ಖಾಲಿ ಬಿಡುತ್ತಾರೆ. ಡ್ರಮ್ಮು ಅಲ್ಲಿ ಸುಮ್ಮನಿರುತ್ತದೆ, ಎಲ್ಲರೂ ಉಸಿರು ಹಿಡಿದಿರುತ್ತಾರೆ. ಸರಿಯಾಗಿ ಆ ಮೌನದಲ್ಲಿ ನಮ್ಮ ಸೀನಿಯರ್ ಪಾಸು, ಎರಡು ಡಜನ್ ಗಾಜಿನ ಬಳೆಗಳ ಸಮೇತ, ಟಪ್ ಝಣ್! ಟಪ್ ಝಣ್!

"ಡ್ರಮ್ಮಿನೋನು ನನ್ ಕಡೆ ತಿರುಗಿ ನೋಡ್ದ. ಪಾಪ, ತಾಳ ತಪ್ತಿದಾನೆ, ಸರಿ ಮಾಡ್ಕೊಳ್ಲಿ ಅಂತ ನಾನು ಇನ್ನೂ ಜೋರಾಗಿ ಹಾಕ್ದೆ. ಅವನು ನನ್ ತಾಳಕ್ಕೆ ಬಂದ್ಬಿಟ್ಟ, ಬೇಸಿನೋನು ತನ್ ತಾಳದಲ್ಲೇ ಉಳ್ಕೊಂಡ. ನಿಮ್ ಚಿಕ್ಕಪ್ಪ ನಡುವೆ ಬಾಯ್ ಬಿಟ್ಕೊಂಡು ನಿಂತ್ಬಿಟ್ರು."

ನಾನು ಹುರುಳಿಕಾಯಿಯ ತಟ್ಟೆ ಉರುಳುವ ಹಾಗೆ ನಕ್ಕೆ. ಅವಳು ನಗಲಿಲ್ಲ.

"ನಗ್ಬೇಡ. ಆವತ್ತು ರೆಕಾರ್ಡ್ ಕಂಪನಿಯೋನು ಒಬ್ಬ ಇವರನ್ನ ಕೇಳೋಕೇ ಅಂತ ಬಂದಿದ್ದ. ಅದೇ ಹೊತ್ತಿಗೆ ಎದ್ದು ಹೊರಟುಹೋದ. ಕಣ್ಣಾರೆ ನೋಡ್ದೆ. ಇವರು ಊರಿಗೆಲ್ಲ ಏನೇನೋ ಜೋಕ್ ಹೇಳ್ಕೊಂಡು ತಿರುಗ್ತಾರೆ, ನನ್ ಹೆಸರು ಬರಬಾರದು ಅಂತ. ನನಗೆ ಗೊತ್ತಿಲ್ವಾ? ತಾಳ ಕೇಳಿದ್ರೆ ಈ ಕೈ ನನ್ ಮಾತು ಕೇಳಲ್ಲ ಕಣೇ. ಅವರ ಬದುಕನ್ನ ಒಂದ್ಸಲ ಹಾಳ್ ಮಾಡಿದ್ದು ಸಾಲ್ದಾ?"

ಇದನ್ನು ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ದಳಲ್ಲ! ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಚಿಕ್ಕಮ್ಮ, ಇದು ಕೊನೇದು. ಇನ್ನು ಹಾಳಾಗೋಕೆ ಏನ್ ಉಳಿದಿದೆ?" ಎಂದೆ. ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು.

ಭಾನುವಾರ ಬೆಳಿಗ್ಗೆ ಕಾರು ನಿಲ್ಲಿಸಿದರೆ ಚಿಕ್ಕಮ್ಮ ಸೀರೆಯುಟ್ಟು ಡ್ರೈವ್‌ವೇನಲ್ಲಿ ನಿಂತಿದ್ದಾಳೆ! ಕೈಯಲ್ಲಿ ಒಂದೊಂದೇ ಬಂಗಾರದ ಬಳೆ. ಸದ್ದು ಮಾಡಬಾರದೆಂದು ಅದಕ್ಕೂ ಕರ್ಚೀಫು ಸುತ್ತಿದ್ದಳು. ಚಿಕ್ಕಪ್ಪ ದಾರಿಯುದ್ದಕ್ಕೂ ಒಂದು ಕವಿತೆಯನ್ನೂ ಅಭ್ಯಾಸ ಮಾಡಲಿಲ್ಲ. ನಾನು ಕೇಳಿದ ವೇಗಕ್ಕೆಲ್ಲ ಹೂಂ ಎನ್ನುತ್ತಿದ್ದರು.

ಹಾಲಿನಲ್ಲಿ ಐವತ್ತು ಅರವತ್ತು ಜನ. ಹಲ್ಲಿನ ಡಾಕ್ಟರೂ ಬಂದಿದ್ದ. ಚಿಕ್ಕಮ್ಮ ಕಟ್ಟಕಡೆಯ ಸಾಲಿಗೆ ಹೋಗಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಗಟ್ಟಿಯಾಗಿ ಕೂತಳು. ಕಾರಿನಲ್ಲಿ ನೂರು ಸಲ ಕೇಳಿದ ಕವಿತೆಗಳನ್ನು ನಾನು ಅವತ್ತು ಮೊದಲ ಸಲ ಸರಿಯಾಗಿ ಕೇಳಿದೆ ಅನ್ನಿಸಿತು. ಅಜ್ಜಿಯ ಕವಿತೆಗೆ ಕಣ್ಣೀರೂ ಬಂತು. ಪಕ್ಕದಲ್ಲಿ ಚಿಕ್ಕಮ್ಮನ ಭುಜ ಕುಣಿಯುತ್ತಿತ್ತು, ಕತ್ತು ಕುಣಿಯುತ್ತಿತ್ತು, ಕೈ ಮಾತ್ರ ಒಂದೂವರೆ ಗಂಟೆ ಕದಲಲಿಲ್ಲ. ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವಳಿಗೆ ಏಳಲೂ ಆಗಲಿಲ್ಲ, ತಟ್ಟಲೂ ಆಗಲಿಲ್ಲ. ಎರಡೂ ಕೈ ಜೋಮು ಹಿಡಿದುಹೋಗಿದ್ದವು! ಹಲ್ಲಿನ ಡಾಕ್ಟರೇ ಬಂದು ಎಬ್ಬಿಸಬೇಕಾಯಿತು.

ವಾಪಸು ಬರುವಾಗ ಇಂಡಿಯಾನಾ ದಾಟಿ ಮಿಶಿಗನ್ ಸೇರಿದೆವು. ಇನ್ನೂ ಚೆನ್ನಾಗಿ ಬಿಸಿಲಿತ್ತು. ಚಿಕ್ಕಪ್ಪ ನನ್ನ ಪಕ್ಕ ಕೂತು ಡ್ಯಾಶ್‌ಬೋರ್ಡ್ ತಟ್ಟುತ್ತಿದ್ದರು. ಹಿಂದಿನ ಸೀಟಿನಿಂದ ಚಿಕ್ಕಮ್ಮ ಕೇಳಿದಳು.

"ಒಂದು ಕೇಳ್ತೀನಿ, ತಮಾಷೆ ಮಾಡದೆ ಹೇಳು. ಆವತ್ತು ಆ ರೆಕಾರ್ಡ್ ಕಂಪನಿಯೋನು ಎದ್ದು ಹೋಗಿದ್ದು ನನ್ನಿಂದಾನೇ ಅಲ್ವಾ?"

ತಟ್ಟುತ್ತಿದ್ದ ಕೈ ನಿಂತಿತು. ಚಿಕ್ಕಪ್ಪ ಹಿಂದಕ್ಕೆ ತಿರುಗಿದರು.

"ಇಷ್ಟು ವರ್ಷ ಹಾಗಂದ್ಕೊಂಡಿದ್ಯಾ? ಅವನು ಎದ್ದು ಹೋಗಿದ್ದು ಕಾರಿಂದ ಪೇಪರ್ ತರೋಕೆ."

"ಯಾವ ಪೇಪರು?"

"ಕಾಂಟ್ರಾಕ್ಟು. ನೀನು ಅಷ್ಟರಲ್ಲಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡಿದ್ದೆ. ಅವನು ವಾಪಸ್ ಬಂದು ನನ್ನ ಕೈಗೆ ಕೊಟ್ಟ. ಮುಂದಿನ ಸಾಲಲ್ಲಿದ್ದ ಆ ಹೆಂಗಸನ್ನೂ ಬ್ಯಾಂಡಿಗೆ ಸೇರಿಸ್ಕೋ ಅಂದ."

"ತಮಾಷೆ ಬೇಡ ಅಂದೆ."

"ತಮಾಷೆ ಅಲ್ಲ."

"ಮತ್ಯಾಕೆ ಸೈನ್ ಮಾಡ್ಲಿಲ್ಲ?"

"ಎರಡು ವರ್ಷ ಬಸ್ಸಲ್ಲಿ ಊರೂರು ಸುತ್ತಬೇಕಿತ್ತು. ನೀನಾಗ ಆಸ್ಪತ್ರೆಯಲ್ಲಿ ಮೂವತ್ತು ಗಂಟೆ ಕೆಲಸ ಮಾಡಿ ಬರ್ತಿದ್ದೆ. ಕೋಟೂ ಬಿಚ್ಚದೆ ಫ್ರಿಜ್ ಮುಂದೆ ನಿಂತ್ಕೊಂಡೇ ತಿಂತಿದ್ದೆ. ಒಂದಿನ ಹಾಗೇ ನಿಂತ್ಕೊಂಡೇ ನಿದ್ದೆ ಮಾಡಿಬಿಟ್ಟಿದ್ದೆ. ಈ ಊರಲ್ಲಿ ನಿನಗೆ ನನ್ನ ಬಿಟ್ರೆ ಯಾರಿದ್ರು? ಎರಡು ವರ್ಷ ಬಿಟ್ಟು ಬಾ ಅಂದೆ ಅವನಿಗೆ. ಅವನು ಬರ್ಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ನ ಕಳಿಸಿಬಿಡ್ತಿದ್ದೆ."

ಎರಡು ಎಕ್ಸಿಟ್ ದಾಟಿದೆವು. ಆಮೇಲೆ ಚಿಕ್ಕಮ್ಮ ನನಗೆ ಕಾರು ನಿಲ್ಲಿಸಲು ಹೇಳಿದಳು. ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ತಾನೇ ಇಳಿದು ಬಂದು ಮುಂದಿನ ಬಾಗಿಲು ತೆಗೆದು, ಚಿಕ್ಕಪ್ಪನನ್ನು ಇಳಿಸಿ, ಕೈ ಹಿಡಿದು ಹಿಂದಿನ ಸೀಟಿಗೆ ಕರೆದುಕೊಂಡು ಹೋದಳು. ಕಾರು ಹೊರಟದ್ದೇ ಬೈಯಲು ಶುರುಮಾಡಿದಳು. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಅಳುತ್ತಾ, ಮೂಗು ಸೇದುತ್ತಾ, ಹತ್ತು ಮೈಲಿ ಬೈದಳು. ಒಂದು ಮಾತು ಹೇಳಿದ್ದರೆ ನಾನು ಎಲ್ಲವನ್ನೂ ನೋಡುತ್ತಿದ್ದೆನಲ್ಲ, ಇಷ್ಟು ವರ್ಷದ್ದು ಎಲ್ಲವನ್ನೂ, ಎಂದಳು. ಕೊನೆಗೆ ಮುಖ ಒರೆಸಿಕೊಂಡು, "ಆ ಹಾಲಿನೋನಿಗೆ ಫೋನ್ ಮಾಡು. ಮುಂದಿನ ತಿಂಗಳು ಯಾವ ಭಾನುವಾರ ಖಾಲಿ ಇದೆ ಕೇಳು" ಎಂದಳು.

"ನಾನು ರಿಟೈರ್ ಆದೆನಲ್ಲ. ಆಗಿ ಮೂರು ಗಂಟೆ ಆಯ್ತು."

"ನನ್ನ ಕೇಳಿ ಆದ್ಯಾ? ನಾನು ಪೂರ್ತಿ ನೋಡಿರೋದು ಇವತ್ತಿನದು ಒಂದೇ. ಉಳಿದಿದ್ದೆಲ್ಲ ನನಗೆ ಇನ್ಯಾರು ತೋರಿಸ್ತಾರೆ?"

ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿರುವ ಮನುಷ್ಯ ಇದಕ್ಕೇನು ಹೇಳುತ್ತಾರೆಂದು ಕನ್ನಡಿಯಲ್ಲಿ ನೋಡಿದೆ. ಆರಡಿ ಮೂರಂಗುಲದ ಮೈಯನ್ನು ಕುಗ್ಗಿಸಿ, ಚಿಕ್ಕಮ್ಮನ ಭುಜಕ್ಕೆ ಹಣೆಯಿಟ್ಟು, ಸದ್ದಿಲ್ಲದೆ ಅಳುತ್ತಿದ್ದರು. ಅವರು ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಕನ್ನಡಿಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿ, ಮನೆ ಸೇರುವವರೆಗೂ ಮುಂದಿನ ರಸ್ತೆಯನ್ನೇ ನೋಡಿಕೊಂಡು ಡ್ರೈವ್ ಮಾಡಿದೆ.